ಇಲಿ ಹಿಡಿದ ಮೆರ್ಗೆನ್

ನಮ್ಮೂರು ಉಚ್-ಕಿಯಿಜ್‌ನಲ್ಲಿ ಸೊಲ್ತೊನ್‌ಬೆಕ್ ಮೇಷ್ಟರ ಮನೆ ಯಾವುದು ಎಂದು ಕೇಳಿದರೆ ಜನ ಸ್ವಲ್ಪ ಯೋಚಿಸುತ್ತಾರೆ. ಮೆರ್ಗೆನ್ ಮನೆ ಯಾವುದು ಎಂದು ಕೇಳಿ, ಅಂಗಳದವರೆಗೂ ಬಂದು ಬಿಟ್ಟುಹೋಗುತ್ತಾರೆ. ಮೆರ್ಗೆನ್ ಎಂದರೆ ಗುರಿಕಾರ. ಇದು ಸರ್ಕಾರ ಕೊಡುವ ಬಿರುದಲ್ಲ, ಹೊಸ ವರ್ಷದ ನೊರೂಜ್ ಹಬ್ಬದ ದಿನ ಊರೇ ಕೊಡುವ ಬಿರುದು. ಮೈದಾನದಲ್ಲಿ ಎತ್ತರದ ಕಂಬ ನೆಟ್ಟು, ತುದಿಯಿಂದ ಕುದುರೆಕೂದಲಿನ ದಾರದಲ್ಲಿ ಒಂದು ಬೆಳ್ಳಿಗಟ್ಟಿ ಇಳಿಬಿಡುತ್ತಾರೆ. ಆ ಗಟ್ಟಿಗೆ ಜಂಬಿ ಎಂದು ಹೆಸರು. ಅದನ್ನು ಹೊಡೆದು ಬೀಳಿಸಿದವನು ಆ ವರ್ಷದ ಮೆರ್ಗೆನ್. ಹಬ್ಬದೂಟಕ್ಕೆ ಅವನು ತೋರ್‌ನಲ್ಲಿ ಕೂರುತ್ತಾನೆ. ತೋರ್ ಎಂದರೆ ಬಾಗಿಲಿಗೆ ನೇರ ಎದುರು, ಒಳಗಿನ ಗೋಡೆಗೆ ಒರಗಿಕೊಂಡಿರುವ ಹಿರಿಯರ ಜಾಗ. ಹೆಸರಿಗೆ ತಕ್ಕ ಹಾಗೆ ತೋರಿಸಿಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಮೇಷ್ಟರು ಶಾಲೆಯಲ್ಲಿ ಹುಡುಗರಿಗೆ ಬಂದೂಕು ಬಿಚ್ಚಿ ಜೋಡಿಸುವುದನ್ನು ಕಲಿಸುತ್ತಿದ್ದವರು. ಆ ಪಾಠವನ್ನು ತೆಗೆದುಹಾಕಿದ ಮೇಲೂ ಅವರು ಅದನ್ನು ಬಿಡಲಿಲ್ಲ, ಪಾಠವೂ ಅವರನ್ನು ಬಿಡಲಿಲ್ಲ. ಏನು ನೋಡಬೇಕಾದರೂ ಎಡಗಣ್ಣು ಮುಚ್ಚಿಕೊಳ್ಳುವುದು ಅವರ ಅಭ್ಯಾಸ. ಹೆಣ್ಣು ನೋಡಲು ಹೋದಾಗಲೂ ಹಾಗೇ ನೋಡಿದರಂತೆ. ಹುಡುಗಿ ಊರುಮ್‌ಕಾನ್ ಅದನ್ನು ಕಣ್ಣು ಹೊಡೆದದ್ದು ಎಂದು ತಿಳಿದು ಒಪ್ಪಿಕೊಂಡಳು. ‘ಮದುವೆಯಾದ ಮೇಲೆ ಗೊತ್ತಾಯ್ತು, ಈ ಮನುಷ್ಯ ಆಲೂಗಡ್ಡೆಗೂ ಕಣ್ಣು ಹೊಡೀತಾನೆ ಅಂತ’ ಎಂದು ಆಕೆ ಇಂದಿಗೂ ಹೇಳುತ್ತಾರೆ.

ವರ್ಷಗಟ್ಟಲೆ ಜಂಬಿ ಅವರದೇ. ಜಂಬವೂ ಅವರದೇ. ಕಳೆದ ನೊರೂಜ್‌ನಲ್ಲಿ ಮಾತ್ರ ಒಂದು ಎಡವಟ್ಟಾಯಿತು. ನಮ್ಮ ಮುಖ್ಯಸ್ಥ ಕಸ್ಮಾಲಿ ಭಾಷಣದ ನಡುವೆ ‘ಇನ್ನೊಂದು ಮುಖ್ಯ ವಿಷಯ’ ಎನ್ನುವಷ್ಟರಲ್ಲಿ ಮೇಷ್ಟರ ಗುಂಡು ಜಂಬಿಯನ್ನು ಬಿಟ್ಟು ಧ್ವನಿವರ್ಧಕಕ್ಕೆ ಬಿತ್ತು. ಭಾಷಣ ನಿಂತಿತು. ಜನ ಜಂಬಿ ಬಿದ್ದಾಗ ತಟ್ಟುವುದಕ್ಕಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯೇ ಮುಳುವಾಯಿತು. ಈ ವರ್ಷ ಬಂದೂಕು ಬೇಡ, ಜಂಬಿಯನ್ನು ಕಂಪ್ಯೂಟರಿನಲ್ಲೇ ಹೊಡೆಯಬೇಕು ಎಂದು ಕಸ್ಮಾಲಿ ಆಜ್ಞೆ ಮಾಡಿದರು. ಸಂತೆಬೀದಿಯ ಹಳೇ ಉಣ್ಣೆ ಗೋದಾಮಿನಲ್ಲಿ ಕಂಪ್ಯೂಟರ್ ಕ್ಲಬ್ ನಡೆಸುವ ದೂಲಾತ್ ಅದಕ್ಕೆಂದೇ ಒಂದು ಆಟ ಮಾಡಿಸಿ ತಂದ. ಪರದೆಯ ಮೇಲೆ ದಾರದಲ್ಲಿ ಜಂಬಿಗಳು ಇಳಿಯುತ್ತವೆ, ಒಂದು ಉಸಿರು ತೂಗಾಡಿ ಮಾಯವಾಗುತ್ತವೆ. ಅಷ್ಟರೊಳಗೆ ಮೌಸ್ ತಿರುಗಿಸಿ ಹೊಡೆಯಬೇಕು.

‘ಇಲಿ ಹಿಡ್ಕೊಂಡು ಮೆರ್ಗೆನ್ ಆಗೋದಾ?’ ಎಂದು ಮೇಷ್ಟರು ನಕ್ಕರು. ನಮ್ಮ ಮಾತಿನಲ್ಲಿ ಮೌಸ್‌ಗೂ ಇಲಿಗೂ ಒಂದೇ ಹೆಸರು. ಆದರೆ ಬಿರುದು ಕೈಬಿಟ್ಟರೆ ತೋರ್ ಕೈಬಿಟ್ಟಂತೆ ಎಂದು ಮನೆಗೆ ಹೋಗಿ ಯೋಚಿಸಿದಾಗ ಹೊಳೆದಿರಬೇಕು. ಮರುದಿನವೇ ಕ್ಲಬ್ಬಿಗೆ ಬಂದರು, ಎದೆಯ ಮೇಲೆ ಹಳೆಯ ಪದಕ ಚುಚ್ಚಿಕೊಂಡು.

ಆಗ ಅಲ್ಲಿ ಆಡುತ್ತಿದ್ದವನು ಬಾರ್ಪಿ. ಪಟ್ಟಣಕ್ಕೆ ವ್ಯಾನ್ ಓಡಿಸುತ್ತಾನೆ. ವ್ಯಾನಿನ ಸೀಟು ತುಂಬುವವರೆಗೆ ಕ್ಲಬ್ಬಿನಲ್ಲಿ ಆಡುವುದು ಅವನ ಪದ್ಧತಿ. ಎಷ್ಟೋ ಸಲ ಸೀಟು ತುಂಬಿ, ಪ್ರಯಾಣಿಕರು ಒಳಗೆ ಬಂದು, ಅವನ ಬೆನ್ನ ಹಿಂದೆ ನಿಂತು ಆಟ ಮುಗಿಯುವುದನ್ನು ಕಾಯುತ್ತಾರೆ. ಹಾಗಾಗಿ ಬಾರ್ಪಿಯ ಗುರಿ ಎಷ್ಟು ಚುರುಕು ಎಂಬುದು ಪಟ್ಟಣದ ದಂತವೈದ್ಯರಿಗೂ ಗೊತ್ತು. ಅವರ ರೋಗಿಗಳು ತಡವಾಗಿ ಬರುವುದು ಅದರಿಂದಲೇ.

ಮೇಷ್ಟರು ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಮೌಸನ್ನು ನೆಲಕ್ಕಿಳಿಸಿ, ಬೋರಲು ಮಲಗಿದರು. ಕಾಲು ಅಗಲಿಸಿದರು. ಎಡಗಣ್ಣು ಮುಚ್ಚಿದರು. ಉಸಿರು ಕಟ್ಟಿದರು.

‘ಬಾಯ್ಕೆ, ಪರದೆ ಮೇಜಿನ ಮೇಲಿದೆ. ನೀವು ನೋಡ್ತಿರೋದು ನನ್ನ ಬೂಟು’ ಎಂದ ದೂಲಾತ್. ನಮ್ಮಲ್ಲಿ ವಯಸ್ಸಾದವರನ್ನು ಬಾಯ್ಕೆ ಎಂದೇ ಕರೆಯುವುದು, ಅಣ್ಣಾವ್ರೇ ಎಂದ ಹಾಗೆ.

‘ಮಲಗಿ ಹೊಡೆಯೋದೇ ಶಾಸ್ತ್ರ. ಪರದೇನ ಕೆಳಗಿಡು.’

ಪರದೆಯನ್ನೂ ಕೆಳಗಿಟ್ಟರು. ಜಂಬಿ ಇಳಿಯಿತು, ತೂಗಾಡಿತು, ಮಾಯವಾಯಿತು. ಇನ್ನೊಂದು ಇಳಿಯಿತು. ಮೇಷ್ಟರು ಇನ್ನೂ ಉಸಿರು ಬಿಟ್ಟಿರಲಿಲ್ಲ.

‘ಉಸಿರಾಡಿ ಬಾಯ್ಕೆ! ಮುಖ ಬದನೇಕಾಯಿ ಆಗ್ತಿದೆ!’ ಎಂದು ಬಾರ್ಪಿ ಕೂಗಿದ.

‘ಗಾಳಿ ನಿಲ್ಲಲಿ ಅಂತ ಕಾಯ್ತಿದ್ದೆ’ ಎಂದು ಮೇಷ್ಟರು ಎದ್ದು ಮೊಣಕಾಲು ಕೊಡವಿಕೊಂಡರು.

ದೂಲಾತ್ ಒಳ್ಳೆಯವನು. ಮೇಷ್ಟರ ಕೈಯಲ್ಲಿ ಕಿವಿ ಹಿಂಡಿಸಿಕೊಂಡೇ ಓದಿದವನು. ‘ನೋಡಿ ಬಾಯ್ಕೆ, ಎರಡೂ ಕಣ್ಣು ಬಿಡಿ. ಬಾಣದ ಗುರುತನ್ನು ನೋಡಬೇಡಿ, ಜಂಬೀನ ನೋಡಿ, ಕೈ ತಾನೇ ಹಿಂದೆ ಬರುತ್ತೆ. ಇಲೀನ ಅಷ್ಟು ಬಿಗಿಯಾಗಿ ಹಿಡೀಬೇಡಿ, ಅದೇನು ಓಡಿಹೋಗಲ್ಲ. ದೂರ ತಿರುಗೋಕೆ ಇಡೀ ತೋಳು, ಹತ್ತಿರದ್ದಕ್ಕೆ ಮಣಿಕಟ್ಟು. ಇಲಿ ಓಟ ಕಡಿಮೆ ಮಾಡಿಟ್ಟಿದೀನಿ, ಅದನ್ನ ದಿನಾ ಬದಲಾಯಿಸಬೇಡಿ. ಮೊದಲು ನಿಧಾನಕ್ಕೆ ತಪ್ಪದೆ ಹೊಡೀರಿ, ವೇಗ ಆಮೇಲೆ ಬರುತ್ತೆ. ಮತ್ತೆ ತೋಳಾಡೋಕೆ ಅಗಲವಾದ ಹಾಸು ಬೇಕು.’

ಇಷ್ಟರಲ್ಲಿ ಮೇಷ್ಟರ ಕಿವಿಗೆ ಬಿದ್ದದ್ದು ಕಡೆಯ ಮಾತು ಒಂದೇ. ಅಗಲವಾದ ಹಾಸು! ದೂಲಾತ್ ಅಭ್ಯಾಸಕ್ಕೆಂದು ಕೊಟ್ಟ ಕಂಪ್ಯೂಟರ್ ಸರಂಜಾಮು ಹೊತ್ತು ಮನೆಗೆ ಹೋದವರೇ ಸೊಸೆ ಜಿಪಾರ್ ತವರಿನಿಂದ ತಂದ ಶಿರ್ದಾಕನ್ನು ಎಳೆದು ಮೇಜಿನ ಮೇಲೆ ಹಾಸಿದರು. ಶಿರ್ದಾಕ್ ಎಂದರೆ ನಮ್ಮೂರ ಹೆಂಗಸರು ಬಣ್ಣದ ಉಣ್ಣೆಹಾಳೆಗಳನ್ನು ಕತ್ತರಿಸಿ, ಕೂಡಿಸಿ ಹೊಲಿಯುವ ದಪ್ಪ ಹಾಸು, ಮೈತುಂಬ ಟಗರಿನ ಕೊಂಬಿನ ಚಿತ್ತಾರ. ಮೌಸ್ ಕೆಂಪು ಕೊಂಬಿನಿಂದ ಕಪ್ಪು ನೆಲಕ್ಕೆ ದಾಟಿದೊಡನೆ ಅದರ ಹೊಟ್ಟೆಯಡಿಯ ದೀಪಕ್ಕೆ ಕಣ್ಣುಕತ್ತಲೆ ಬಂದು, ಪರದೆಯ ಮೇಲೆ ಗುರುತು ಛಂಗನೆ ಹಾರುತ್ತಿತ್ತು.

ಮೇಷ್ಟರಿಗೆ ಪರಮಾನಂದವಾಯಿತು. ‘ನಾನು ಹೇಳಲಿಲ್ವಾ? ಇದರಲ್ಲೂ ಗಾಳಿ ಇದೆ!’ ಎಂದರು. ಬೆರಳು ನೆನೆಸಿ ಪರದೆಯ ಮುಂದೆ ಹಿಡಿದರು. ಕಂಪ್ಯೂಟರಿನ ಫ್ಯಾನು ಬೀಸುತ್ತಿದ್ದುದರಿಂದ ಗಾಳಿ ಇರುವುದು ಖಚಿತವಾಯಿತು. ಅಂದಿನಿಂದ ಕೊಂಬು ದಾಟುವಾಗಲೆಲ್ಲ ಗುರಿಯನ್ನು ಆಚೆ ಹಿಡಿದು ಗಾಳಿ ತಿದ್ದುತ್ತಿದ್ದರು. ಕಷ್ಟಪಟ್ಟು ಅಭ್ಯಾಸ ಮಾಡಿ, ನಾಲ್ಕರಲ್ಲಿ ಒಂದು ಜಂಬಿ ಬೀಳಿಸುವಷ್ಟು ಗಾಳಿಯನ್ನು ಪಳಗಿಸಿದರು. ಆಗ ಒಂದು ಮಧ್ಯಾಹ್ನ ಜಿಪಾರ್ ಚಹಾ ತಂದು, ಹಾಸನ್ನು ನೋಡಿ, ಮಾತಾಡದೆ ಅದನ್ನು ಮಗುಚಿ ಹಾಕಿದಳು. ಅಡಿಭಾಗ ಒಂದೇ ಬಣ್ಣದ ಬೋಳು ಉಣ್ಣೆ. ಗಾಳಿ ನಿಂತುಹೋಯಿತು.

‘ಏನ್ ಮಾಡಿದೆ ಮಗಳೇ?’ ಮೇಷ್ಟರ ದನಿಯಲ್ಲಿ ನಿಜವಾದ ನೋವಿತ್ತು. ‘ಈಗ ತಾನೇ ಗಾಳಿ ನನ್ನ ಮಾತು ಕೇಳೋಕೆ ಶುರುಮಾಡಿತ್ತು!’

‘ಚಹಾ ಚೆಲ್ಲಿದ್ರೆ ಚಿತ್ತಾರ ಹಾಳಾಗುತ್ತೆ ಅಂತ ಮಗುಚಿದೆ ಅತಾ’ ಎಂದಳು ಜಿಪಾರ್. ಮಾವನನ್ನು ಅತಾ ಎಂದೇ ಕರೆಯುವುದು. ಹೆಸರು ಹಿಡಿಯುವ ಪ್ರಶ್ನೆಯೇ ಇಲ್ಲ.

ಇಡೀ ಫಜೀತಿ ಇರುವುದು ಆ ಹೆಸರಿನಲ್ಲೇ. ನಮ್ಮ ಸೊಸೆಯಂದಿರು ಮಾವನ ಹೆಸರನ್ನು ಬಾಯಿಗೆ ತರುವಂತಿಲ್ಲ. ಮಾವನ ಅಣ್ಣನದೂ ಇಲ್ಲ, ಆತ ಸತ್ತಿದ್ದರೂ ಇಲ್ಲ. ಹೆಸರಿರಲಿ, ಹೆಸರಿನೊಳಗೆ ಅಡಗಿರುವ ಮಾತನ್ನೂ ಆಡುವಂತಿಲ್ಲ. ಮೇಷ್ಟರ ಅಪ್ಪ ಹಿರಿಯ ಮಗನಿಗೆ ಒಂಗಾರ್‌ಬಾಯ್ ಎಂದೂ ಕಿರಿಯವನಿಗೆ ಸೊಲ್ತೊನ್‌ಬೆಕ್ ಎಂದೂ ಹೆಸರಿಟ್ಟಿದ್ದರು. ನಮ್ಮ ಮಾತಿನಲ್ಲಿ ‘ಒಂಗ್’ ಎಂದರೆ ಬಲ, ‘ಸೊಲ್’ ಎಂದರೆ ಎಡ. ಆ ಮನೆಗೆ ಕಾಲಿಟ್ಟ ದಿನವೇ ಜಿಪಾರ್‌ಗೆ ಎಡಬಲ ಎರಡೂ ಕೈಬಿಟ್ಟುಹೋದವು. ಯಾರಾದರೂ ದಾರಿ ಕೇಳಿದರೆ ‘ಸೇತುವೆ ದಾಟಿ, ಚಾವಟಿ ಹಿಡಿಯೋ ಕೈ ಕಡೆ ತಿರುಗಿ’ ಎನ್ನುತ್ತಾಳೆ. ಎಡಗೈಯಲ್ಲಿ ಚಾವಟಿ ಹಿಡಿಯುವ ಒಬ್ಬ ದನದ ವ್ಯಾಪಾರಿ ಆ ಮಾತು ನಂಬಿ ಹೊಳೆಗೆ ಇಳಿದಿದ್ದ.

ಈ ಸಂಗತಿ ಜಂಬಿಗೆ ಅಡ್ಡಬಂದದ್ದು ದೂಲಾತ್ ಒಂದು ನಿಯಮ ಹೇಳಿದಾಗ. ಹೊಡೆಯುವವನ ಪರದೆಯಲ್ಲಿ ಎದುರಿನದಷ್ಟೇ ಕಾಣುತ್ತದೆ. ಪಕ್ಕದಲ್ಲೊಂದು ಅಗಲವಾದ ಪರದೆ, ಅದರಲ್ಲಿ ಸುತ್ತಲೂ ಕಾಣುತ್ತದೆ. ಅದನ್ನು ನೋಡಿ, ಜಂಬಿ ಯಾವ ಕಡೆ ಇಳಿಯಿತು ಎಂದು ಕೂಗಿ ಹೇಳುವುದಕ್ಕೆ ಒಬ್ಬರು ಬೇಕು. ಅವರು ಅದೇ ಮನೆಯವರಾಗಿರಬೇಕು. ಮೇಷ್ಟರ ಮಗ ಲಾರಿ ತೆಗೆದುಕೊಂಡು ಕಣಿವೆಯಾಚೆ ಹೋಗಿದ್ದ. ಊರುಮ್‌ಕಾನ್ ‘ನನ್ನ ಕನ್ನಡಕ ಹುಡುಕೋ ಹೊತ್ತಿಗೆ ನಿಮ್ಮ ಜಂಬಿ ಮುಂದಿನ ನೊರೂಜ್‌ಗೆ ಹೋಗಿರುತ್ತೆ’ ಎಂದರು. ಉಳಿದವಳು ಸೊಸೆ.

ಜಿಪಾರ್ ಕಣ್ಣು ಚುರುಕು, ಬಾಯಿ ಇನ್ನೂ ಚುರುಕು. ಎಡಬಲಕ್ಕೆ ಬದಲು ಬೇರೆ ಪುಟ್ಟ ಮಾತು ಹುಡುಕಿಕೊಂಡಳು. ನಮ್ಮ ಮನೆಗಳು ಇಟ್ಟಿಗೆಯವಾದರೂ ಒಳಗಿನ ಕಟ್ಟಳೆ ಗುಡಾರದ್ದೇ. ಒಂದು ಪಕ್ಕದ ಗೋಡೆ ಗಂಡಸರದು, ಅಲ್ಲಿ ಕುದುರೆಯ ಜೀನು ತೂಗುಹಾಕುತ್ತಾರೆ. ಇನ್ನೊಂದು ಪಕ್ಕ ಹೆಂಗಸರದು, ಅಲ್ಲಿ ಹಾಲಿನ ಗಡಿಗೆ. ‘ಜೀನು ಅಂದ್ರೆ ಆ ಕಡೆ, ಗಡಿಗೆ ಅಂದ್ರೆ ಈ ಕಡೆ. ಸರೀನಾ ಅತಾ?’

‘ಸೈನ್ಯದ ಸಂಕೇತ ಇದ್ದ ಹಾಗಿದೆ’ ಎಂದು ಮೇಷ್ಟರು ಹಿಗ್ಗಿದರು.

‘ಜೀನು!’ ಎಂದಳು ಜಿಪಾರ್. ಮೇಷ್ಟರು ಸರ್ರನೆ ಬಲಕ್ಕೆ ತಿರುಗಿದರು. ಜಂಬಿ ಎಡಕ್ಕಿತ್ತು.

‘ಜೀನು ಅಂದೆ ಅತಾ!’

‘ಜೀನಿನ ಕಡೆಗೇ ಹೋದೆ!’

‘ಗಡಿಗೆ!’ ಮೇಷ್ಟರು ಎಡಕ್ಕೆ. ಜಂಬಿ ಬಲಕ್ಕೆ.

‘ನಿನಗೆ ಜೀನು ಯಾವುದು ಗಡಿಗೆ ಯಾವುದು ಗೊತ್ತಿಲ್ವಾ?’

‘ಗಡಿಗೆಗೆ ದಿನಾ ಹಾಲು ಹುಯ್ಯೋಳು ನಾನು. ಜೀನಿಗೆ ಹುಯ್ದಿದ್ರೆ ಕುದುರೆ ಹೇಳ್ತಿತ್ತು!’

ಅಡುಗೆಮನೆಯಿಂದ ಊರುಮ್‌ಕಾನ್ ಕೈ ಒರೆಸಿಕೊಳ್ಳುತ್ತ ಬಂದರು. ‘ಯಾಕೆ ಕಿತ್ತಾಡ್ತೀರಿ? ಅವಳು ಬಾಗಿಲಲ್ಲಿ ನಿಂತು ಮನೆ ನೋಡೋಳು, ಅವಳಿಗೆ ಜೀನು ಎಡಕ್ಕಿದೆ. ನೀವು ತೋರ್‌ನಲ್ಲಿ ಕೂತು ನೋಡೋರು, ನಿಮಗೆ ಬಲಕ್ಕಿದೆ. ಜೀನು ಎಲ್ಲೂ ಹೋಗಿಲ್ಲ. ಎದುರುಬದುರಾಗಿ ಕೂತಿರೋದು ನೀವಿಬ್ಬರು.’

ಮೇಷ್ಟರು ಗೋಡೆಯ ಜೀನನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದರು.

‘ಹಾಗಾದ್ರೆ ಅವಳು ಉಲ್ಟಾ ಹೇಳಲಿ’ ಎಂದರು ಮೇಷ್ಟರು.

‘ನಾನು ತೋರ್‌ನಲ್ಲಿ ಕೂತವಳಲ್ಲ ಅತಾ. ಅಲ್ಲಿಂದ ಮನೆ ಹೇಗೆ ಕಾಣುತ್ತೋ ನನಗೇನು ಗೊತ್ತು?’ ಜಿಪಾರ್ ಬಹಳ ವಿನಯದಿಂದ ತಲೆವಸ್ತ್ರ ಸರಿಮಾಡಿಕೊಂಡಳು. ‘ಬೇಕಾದ್ರೆ ಹಬ್ಬದ ತನಕ ಅಲ್ಲೇ ಕೂತು ಅಭ್ಯಾಸ ಮಾಡ್ತೀನಿ.’

ಸೊಸೆ ತೋರ್‌ನಲ್ಲಿ! ಮೇಷ್ಟರು ಉಸಿರು ಕಟ್ಟಿದರು, ಈ ಸಲ ಗುರಿಗಾಗಿ ಅಲ್ಲ. ತೋರ್ ಉಳಿಸಿಕೊಳ್ಳಲು ತೋರ್ ಬಿಡಬೇಕು. ಅವಳಿಗೆ ಬಿಟ್ಟುಕೊಡಬೇಕು, ಇಲ್ಲವೇ ತಾವೇ ಎದ್ದು ಬಾಗಿಲಿಗೆ ಬರಬೇಕು. ಬಹಳ ಹೊತ್ತು ಗಡ್ಡ ತುರಿಸಿಕೊಂಡ ಮೇಲೆ ಎದ್ದರು. ‘ಶತ್ರುವಿನ ಕಡೆಯಿಂದ ನೆಲ ನೋಡಿ ಬರೋದು ಸೈನ್ಯದಲ್ಲಿ ಇದ್ದದ್ದೇ’ ಎಂದು ದಿಂಬು ಬಗಲಲ್ಲಿಟ್ಟುಕೊಂಡು ಬಂದು, ಬಾಗಿಲ ಪಕ್ಕ, ಚಹಾದ ನೀರು ಕಾಯಿಸುವ ಹಂಡೆಯಾದ ಸಮೋವರ್ ಮುಂದೆ ಕೂತರು.

ಸಮೋವರ್ ಮುಂದೆ ಕೂತವರು ಚಹಾ ಬಗ್ಗಿಸಬೇಕು. ಆ ಕಟ್ಟಳೆಯನ್ನು ಯಾವ ಸೈನ್ಯವೂ ಮುರಿಯಲಾರದು. ಊರುಮ್‌ಕಾನ್ ಬಟ್ಟಲು ಚಾಚಿದರು. ಮೇಷ್ಟರು ಎಡಗಣ್ಣು ಮುಚ್ಚಿ ಚಹಾ ಬಗ್ಗಿಸಿದರು, ಬಟ್ಟಲಿಗೆ ಅರ್ಧ, ಹೆಂಡತಿಯ ಮೊಣಕಾಲಿಗೆ ಅರ್ಧ.

‘ಎರಡೂ ಕಣ್ಣು ಬಿಡಿ ಅಂತ ದೂಲಾತ್ ಹೇಳಿದ್ನಲ್ಲ!’ ಎಂದು ಊರುಮ್‌ಕಾನ್ ಚೀರಿದರು. ಹೆಂಡತಿಯ ಮೊಣಕಾಲು ಸುಟ್ಟ ಆ ದಿನದಿಂದ ಮೇಷ್ಟರ ಎಡಗಣ್ಣು ತೆರೆಯಿತು. ಮೌಸ್ ಹಿಡಿದಾಗಲೂ ಅದು ತೆರೆದೇ ಉಳಿಯಿತು. ಕೈ ಸಡಿಲವಾಯಿತು. ಬಾಗಿಲಲ್ಲಿ ಕೂತು ನೋಡುನೋಡುತ್ತ ಜೀನು ಎಡಕ್ಕೆ ಬಂದು ನೆಲೆಸಿತು. ಜಿಪಾರ್ ‘ಜೀನು’ ಎಂದರೆ ತೋಳು ತಾನಾಗಿ ಎಡಕ್ಕೆ ಓಡಿತು, ಜಂಬಿ ಬಿತ್ತು. ‘ಗಡಿಗೆ’ ಎಂದರೆ ಬಲಕ್ಕೆ, ಅದೂ ಬಿತ್ತು. ಮಾವ ಸೊಸೆ ಇಬ್ಬರೂ ಮಕ್ಕಳ ಹಾಗೆ ಕೂಗಾಡುತ್ತಿದ್ದರು. ರಸ್ತೆಯಲ್ಲಿ ಹೋಗುವವರಿಗೆ, ಆ ಮನೆಯಲ್ಲಿ ಜೀನು ಗಡಿಗೆಗಳ ಹರಾಜು ನಡೆಯುತ್ತಿದೆ ಎಂದೇ ಅನಿಸುತ್ತಿತ್ತು.

ಮೆರ್ಗೆನ್ ಬಾಗಿಲಲ್ಲಿ ಕೂತು ಚಹಾ ಕೊಡುತ್ತಿದ್ದಾರೆ ಎಂಬ ಸುದ್ದಿ ಹರಡಲು ಹೊತ್ತು ಹಿಡಿಯಲಿಲ್ಲ. ಕೆಲವರು ಕಾಯಿಲೆ ಎಂದರು, ಕೆಲವರು ಹೆಂಡತಿ ಕೆಳಗಿಳಿಸಿದ್ದಾಳೆ ಎಂದರು. ನೋಡಿಬರಲು ಕಸ್ಮಾಲಿಯೇ ಬಂದರು. ಬಂದವರು ಹೊಸ್ತಿಲಲ್ಲೇ ಗೊಂದಲಕ್ಕೆ ಬಿದ್ದರು. ತಮಗಿಂತ ಹಿರಿಯರು ಬಾಗಿಲಲ್ಲಿ ಕೂತಿರುವಾಗ ದಾಟಿ ಹೋಗಿ ತೋರ್‌ನಲ್ಲಿ ಕೂರುವುದು ಹೇಗೆ? ಮೇಷ್ಟರಿಗಿಂತ ಕೆಳಗೆ ಕೂರಬೇಕು. ಬಾಗಿಲಿಗಿಂತ ಕೆಳಗೆ ಉಳಿದಿರುವುದು ಹೊರಗಿನ ಜಗಲಿ. ಮುಖ್ಯಸ್ಥರು ಅಲ್ಲಿ, ಬೂಟುಗಳ ನಡುವೆ, ಕಡತದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

‘ಒಳಗೆ ಬನ್ನಿ ಕಸ್ಮಾಲಿ.’

‘ಇರಲಿ ಬಾಯ್ಕೆ, ಇಲ್ಲಿ ಗಾಳಿ ಚೆನ್ನಾಗಿದೆ’ ಎಂದರು ಕಸ್ಮಾಲಿ, ಹಿಮದಲ್ಲಿ ನಡುಗುತ್ತ.

ನೊರೂಜ್ ಬಂತು. ಮೈದಾನದ ಕಂಬ ಬರಿದಾಗಿ ನಿಂತಿತ್ತು, ಊರೆಲ್ಲ ಉಣ್ಣೆ ಗೋದಾಮಿನೊಳಗಿತ್ತು. ಒಬ್ಬೊಬ್ಬರಾಗಿ ಸೋತು ಕಡೆಗೆ ಉಳಿದದ್ದು ಎರಡು ಮನೆ. ಒಂದು ಕಡೆ ಬಾರ್ಪಿ, ಅವನಿಗೆ ಕೂಗಿ ಹೇಳಲು ಅವನ ತಾಯಿ. ಇನ್ನೊಂದು ಕಡೆ ಮೇಷ್ಟರು ಮತ್ತು ಜಿಪಾರ್, ಮಗುಚಿದ ಶಿರ್ದಾಕ್ ಸಮೇತ. ಬಾರ್ಪಿಯ ತಾಯಿ ಕಣಿವೆಯಲ್ಲಿ ಕುರಿ ಕೂಗಿ ಬೆಳೆದ ಗಂಟಲಿನವರು, ಮೇಷ್ಟರಿಗಿಂತ ಹಿರಿಯರು, ಯಾರ ಹೆಸರಿಗೂ ಹೆದರಬೇಕಾದವರಲ್ಲ. ‘ಸೊಲ್! ಸೊಲ್! ಒಂಗ್! ಸೊಲ್ ಕಣೋ ಕುರುಡಾ!’ ಎಂದು ಅವರು ಅಬ್ಬರಿಸಿದಾಗಲೆಲ್ಲ, ತಮ್ಮನ್ನೇ ಕರೆದ ಹಾಗಾಗಿ ಮೇಷ್ಟರು ಬೆಚ್ಚುತ್ತಿದ್ದರು.

‘ನಿಮ್ಮನ್ನಲ್ಲ ಬಾಯ್ಕೆ, ಆಟ ನೋಡಿ!’ ಎಂದು ದೂಲಾತ್ ಸಮಾಧಾನ ಮಾಡಬೇಕಾಯಿತು.

ಆದರೂ ಕೈ ತಪ್ಪಲಿಲ್ಲ. ಜೀನು, ಬಿತ್ತು. ಗಡಿಗೆ, ಬಿತ್ತು. ಬಾರ್ಪಿ ಎಷ್ಟು ಬೀಳಿಸಿದನೋ ಮೇಷ್ಟರೂ ಅಷ್ಟೇ ಬೀಳಿಸಿದರು. ಉಣ್ಣೆಯ ವಾಸನೆಯ ಆ ಗೋದಾಮಿನಲ್ಲಿ ನಾವೆಲ್ಲ ಉಸಿರು ಕಟ್ಟಿದ್ದೆವು, ಉಸಿರಾಡುತ್ತಿದ್ದವರು ಮೇಷ್ಟರು ಒಬ್ಬರೇ. ಬಾರ್ಪಿಗೆ ಕಡೆಯ ಜಂಬಿ ಇಳಿಯಿತು. ಹೊರಗಿನಿಂದ ಯಾರೋ ಪ್ರಯಾಣಿಕ ವ್ಯಾನಿನ ಹಾರನ್ ಒತ್ತಿದ. ಬಾರ್ಪಿಯ ಕೈ ಅಲುಗಿತು, ಗುಂಡು ಪಕ್ಕಕ್ಕೆ ಹೋಯಿತು. ಮೇಷ್ಟರ ಕಡೆಯ ಜಂಬಿ ಬಿದ್ದರೆ ಬಿರುದು, ತೋರ್, ಎಲ್ಲ ಉಳಿದಂತೆ. ತಪ್ಪಿದರೆ ಸಮಸಮ. ಸಮಸಮವಾದರೆ ಬಿರುದು ಕಿರಿಯನಿಗೆ ಎಂದು ಕಸ್ಮಾಲಿ ಮೊದಲೇ ಸಾರಿದ್ದರು, ಧ್ವನಿವರ್ಧಕದ ನೆನಪಿನಲ್ಲಿ.

ಜಂಬಿ ಇಳಿಯಿತು, ಪರದೆಯ ತೀರಾ ಅಂಚಿನಲ್ಲಿ. ಜಿಪಾರ್ ಕಂಡಳು. ಬಾಯಿ ತೆರೆದಳು. ಅಷ್ಟು ಹೊತ್ತು ಬಾರ್ಪಿಯ ತಾಯಿಯ ಕೂಗು ಕೇಳಿ ಕೇಳಿಯೋ, ಗಾಬರಿಗೋ, ಜೀನು ನಾಲಗೆಗೆ ಸಿಗಲೇ ಇಲ್ಲ.

‘ಸೊಲ್!’ ಎಂದು ಕೂಗಿಬಿಟ್ಟಳು.

ಮೇಷ್ಟರು ಎಡಕ್ಕೆ ತಿರುಗಲಿಲ್ಲ. ಬಲಕ್ಕೂ ತಿರುಗಲಿಲ್ಲ. ಮೌಸ್ ಬಿಟ್ಟು, ಇಡೀ ದೇಹ ಹಿಂದಕ್ಕೆ ತಿರುಗಿಸಿ, ಅಮ್ಮ ಕರೆದಾಗ ಆಟ ಬಿಟ್ಟು ಓಗೊಡುವ ಮಗುವಿನಂತೆ ‘ಆಂ?’ ಎಂದರು.

ಪರದೆಯ ಅಂಚಿನಲ್ಲಿ ಜಂಬಿ ತೂಗಾಡಿತು, ಮಾಯವಾಯಿತು.

ಜಿಪಾರ್ ತಲೆವಸ್ತ್ರದಿಂದ ಮುಖ ಮುಚ್ಚಿಕೊಂಡಳು. ಎಲ್ಲರ ಕಣ್ಣೂ ಮೇಷ್ಟರ ಮೇಲೆ. ಸಿಡಿಯುತ್ತಾರೆ ಎಂದು ಮುಂದಿನ ಸಾಲಿನವರು ಸ್ವಲ್ಪ ಹಿಂದೆ ಸರಿದರು. ಮೇಷ್ಟರು ಸೊಸೆಯನ್ನು ನೋಡಿದರು, ಎರಡೂ ಕಣ್ಣು ಬಿಟ್ಟು.

‘ಅವಳು ಎಡ ಅಂತ ಸರಿಯಾಗೇ ಹೇಳಿದಳು’ ಎಂದರು ಕಡೆಗೆ, ಊರಿಗೆಲ್ಲ ಕೇಳುವ ಹಾಗೆ. ‘ನನ್ನ ಹೆಸರು ಯಾರು ಹಿಡಿದ್ರು? ಯಾರೂ ಹಿಡಿದಿಲ್ಲ. ತಪ್ಪು ಕೇಳಿಸಿಕೊಂಡೋನು ನಾನು.’ ಆಮೇಲೆ ದನಿ ತಗ್ಗಿಸಿ ಜಿಪಾರ್‌ಗೆ, ‘ಗಂಟಲು ಚೆನ್ನಾಗಿದೆ ಮಗಳೇ. ನಮ್ಮಮ್ಮ ಹೀಗೇ ಕರೀತಿದ್ಲು’ ಎಂದರು.

ಹಬ್ಬದೂಟಕ್ಕೆ ಬಾರ್ಪಿಯನ್ನು ತೋರ್‌ನಲ್ಲಿ ಕೂರಿಸಿದರು. ಪಾಪ, ಒಂದೆಡೆ ಮುದುಕರು, ಇನ್ನೊಂದೆಡೆ ಕಸ್ಮಾಲಿ, ನಡುವೆ ಅವನು. ತಟ್ಟೆಯಲ್ಲಿ ಗೌರವದ ಪಾಲಾದ ಕುರಿಯ ಸೊಂಟದ ಮೂಳೆ, ಕಿಟಕಿಯಾಚೆ ಪ್ರಯಾಣಿಕರ ಮುಖಗಳು. ಹಿರಿಯರು ಎದ್ದೇಳುವವರೆಗೆ ತೋರ್‌ನವನು ಎದ್ದೇಳುವಂತಿಲ್ಲ. ವ್ಯಾನು ಪಟ್ಟಣಕ್ಕೆ ಹೊರಟದ್ದು ಮರುದಿನ.

ಮೇಷ್ಟರು ಎಲ್ಲಿ ಎಂದು ಕಸ್ಮಾಲಿ ಕತ್ತು ಚಾಚಿ ಹುಡುಕಿದರು. ತೋರ್‌ನ ಸುತ್ತ ಎಲ್ಲೂ ಇರಲಿಲ್ಲ. ಅಭ್ಯಾಸಬಲದಿಂದ ಒಳಗೆ ಬಂದವರೇ ಬಾಗಿಲ ಪಕ್ಕ ಸಮೋವರ್ ಮುಂದೆ ಕೂತುಬಿಟ್ಟಿದ್ದರು. ಬಟ್ಟಲುಗಳು ಸಾಲಾಗಿ ಬರುತ್ತಿದ್ದವು. ಮೇಷ್ಟರು ಚಹಾದ ಪಾತ್ರೆಯನ್ನು ಎತ್ತರಕ್ಕೆ ಎತ್ತಿ, ಎರಡೂ ಕಣ್ಣು ತೆರೆದು, ಕೈ ಸಡಿಲಬಿಟ್ಟು ಧಾರೆ ಬಿಡುತ್ತಿದ್ದರು. ಧಾರೆ ನೇರ ಬಟ್ಟಲಿನ ನಡುವಿಗೆ. ಒಂದು ಹನಿ ಆಚೆ ಇಲ್ಲ.

‘ನೋಡಿದ್ಯಾ?’ ಎಂದರು ಪಕ್ಕದಲ್ಲಿದ್ದ ದೂಲಾತ್‌ಗೆ. ‘ಈ ಎತ್ತರದಿಂದ, ಈ ವೇಗಕ್ಕೆ, ಈ ಜಿಲ್ಲೆಯಲ್ಲಿ ಯಾರಿದ್ದಾರೆ ಹೇಳು? ಮೊದಲು ನಿಧಾನಕ್ಕೆ ತಪ್ಪದೆ ಬಗ್ಗಿಸಬೇಕು, ವೇಗ ಆಮೇಲೆ ಬರುತ್ತೆ. ಬಟ್ಟಲು ನೋಡಬೇಕು, ಧಾರೆ ನೋಡಬಾರದು. ಇದನ್ನು ನಾನೇ ಕಂಡುಹಿಡಿದದ್ದು.’

‘ಹೌದಾ ಬಾಯ್ಕೆ?’ ಎಂದ ದೂಲಾತ್.

‘ಮುಂದಿನ ನೊರೂಜ್‌ಗೆ ಇದನ್ನೇ ಪಂದ್ಯ ಮಾಡಬೇಕು ಅಂತ ಕಸ್ಮಾಲಿಗೆ ಹೇಳ್ತೀನಿ.’

ಜಂಬಿ ಹೋಗಿತ್ತು, ಜಂಬ ಜಾಗ ಬದಲಿಸಿ ಕೂತಿತ್ತು. ಆ ಹೊತ್ತಿಗೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡುಗಳ, ಬುರ್ಸೋಕ್‌ನ, ತಟ್ಟೆ ಹಿಡಿದು ಬಂದ ಜಿಪಾರ್ ಸ್ವಲ್ಪ ದೂರದಲ್ಲೇ ನಿಂತಳು. ನಾಚಿಕೆ ಇನ್ನೂ ಇಳಿದಿರಲಿಲ್ಲ.

‘ಅತಾ, ಸಕ್ಕರೆ...’

‘ಎಲ್ಲಿದೆ?’

ಜಿಪಾರ್ ಒಂದು ಗಳಿಗೆ ತಡೆದಳು. ಕೋಣೆಯಲ್ಲಿದ್ದ ಅತ್ತೆಯಂದಿರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡರು.

‘ಜೀನಿನ ಕಡೆ’ ಎಂದಳು.

ಮೇಷ್ಟರು ತಲೆ ಎತ್ತಲಿಲ್ಲ. ಬಲಗೈಯಲ್ಲಿ ಧಾರೆ ಹಾಗೇ ಇತ್ತು. ಎಡಗೈ ಎಡಕ್ಕೆ ಹೋಗಿ, ಸಕ್ಕರೆ ಡಬ್ಬಿಯ ಮೇಲೆ ಸರಿಯಾಗಿ ಬಿತ್ತು.